ಅಪ್ಪನ ಕಾರಿನೊಳಗೆ ಮಲಗಿದ್ದ ಕುದುರೆಗಳು

ಕಾರಿನ ಎಂಜಿನ್ನಿನ ಹೆಡ್ ಅನ್ನುವ ಮೇಲಿನ ಮುಚ್ಚಳ ನಮ್ಮ ಊಟದ ಮೇಜಿಗೆ ಬಂದ ದಿನ, ಅದರಡಿಗೆ ಏನು ಹಾಸಬೇಕೆಂದು ತಿಳಿಯದೆ, ಕೈಗೆ ಸಿಕ್ಕಿದ ಕಸೂತಿ ಮೇಜುಬಟ್ಟೆಯನ್ನೇ ಹಾಸಿದೆ. ಮಗಳು ನಕ್ಕಳು.

"ಅಮ್ಮ, ಮನೆಗೆ ಬಂದಿರೋದು ಬಿಷಪ್ಪಲ್ಲ."

ಆ ಕಾರು ನನ್ನ ಅಪ್ಪನದು. ಹಸಿರು ಬಣ್ಣದ, ಇಬ್ಬರೇ ಕೂರಬಹುದಾದ, ಬಟ್ಟೆಯ ಮಾಡಿನ ಸ್ಪೋರ್ಟ್ಸ್ ಕಾರು. ತೋಟ ಬಿಟ್ಟು ಊರಿಗೆ ಹೊರಟಿದ್ದ ಮ್ಯಾನೇಜರೊಬ್ಬರಿಂದ ಅಪ್ಪ ಕೊಂಡದ್ದು. ಶನಿವಾರ ಶ್ರೀಮಂಗಲದಿಂದ ಕಾನ್ವೆಂಟಿನ ಬೋರ್ಡಿಂಗಿಗೆ ನನ್ನನ್ನು ಕರೆಯಲು ಅದರಲ್ಲೇ ಬರುತ್ತಿದ್ದರು. ಗೇಟಿನ ಮೊದಲಿನ ಇಳಿಜಾರಿನಲ್ಲಿ ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ಗಂಟಲು ಸರಿಮಾಡಿಕೊಂಡ ಹಾಗೆ "ಗುಡುಗುಡು, ಪಟ್, ಪಟ್" ಅನ್ನುತ್ತಿತ್ತು. ಅದು ಕೇಳಿದ ಕೂಡಲೇ ನಾನು ಬ್ಯಾಗಿನ ಹಿಡಿ ಹಿಡಿದು ಎದ್ದು ನಿಲ್ಲುತ್ತಿದ್ದೆ. ಸಿಸ್ಟರ್ ಗದರಿದರೂ ಕೂರುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಕಾರು ಚೆಟ್ಟಳ್ಳಿಯ ನಮ್ಮ ತೋಟಕ್ಕೆ ಬಂತು. ನನಗೆ ಡ್ರೈವಿಂಗ್ ಬರುವುದಿಲ್ಲ. ನನ್ನವರು ಒರೆಸಿ, ಎಣ್ಣೆ ಬಿಟ್ಟು ಇಟ್ಟುಕೊಂಡರು, ಮಗಳು ಓಡಿಸಲು ಕಲಿತಳು. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆ ಒಣಗಿದ ಗದ್ದೆಯಲ್ಲಿ ಕಾರಿನ ರೇಸ್ ಇಡುತ್ತಾರಲ್ಲ, ಹಿಂದಿನ ವರ್ಷ ಅದರಲ್ಲಿ ಹೆಂಗಸರ ವಿಭಾಗಕ್ಕೆ ಹೋಗಿ ಕೊನೆಯವಳಾಗಿ ಬಂದಳು. ಬದುವಿನ ಮೇಲೆ ಕೂತ ಅವಳ ಸೋದರಮಾವ, ನನ್ನ ತಮ್ಮನೇ, ಎಲ್ಲರಿಗೂ ಕೇಳುವ ಹಾಗೆ, "ಅಜ್ಜನ ಕಾರಲ್ವಾ, ಕೋಲು ಊರಿಕೊಂಡೇ ಬರಬೇಕಷ್ಟೆ" ಎಂದ. ಅವಳಿಗೆ ಅದು ಎಲ್ಲಿ ನಾಟಿತೋ, ನಾಟಿತು.

"ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ. ಯಾರೂ ಕೈ ಹಾಕಿಲ್ಲ. ಅದರೊಳಗೆ ಇನ್ನೂ ಹತ್ತು ಕುದುರೆ ಸುಮ್ನೆ ಮಲಗಿದ್ದಾವೆ," ಎಂದರು ನನ್ನವರು. "ಎಬ್ಬಿಸಿ ನೋಡೋಣ. ಏಳದಿದ್ರೆ ಇದನ್ನ ಇಳಿಸಿ, ಯಾವುದಾದ್ರೂ ಹೊಸ ಕಾರಿನ ಎಂಜಿನ್ ಕೂರಿಸೋದೇ. ಏನಂತೀ?"

ನಾನು "ಆಯ್ತು" ಅಂದುಬಿಟ್ಟೆ. ಒಪ್ಪಿದ್ದು ಯಾವುದಕ್ಕೆಂದು ಅಡುಗೆಮನೆಗೆ ಹೋದ ಮೇಲೆ ಹೊಳೆಯಿತು. ಎಂಜಿನ್ ಹೋದರೆ ಆ ಸದ್ದೂ ಹೋಗುತ್ತದೆ. ಆದರೆ ಒಂದು ಸದ್ದು ಬೇಕು ಅಂತ ಇಬ್ಬರು ದೊಡ್ಡವರ ಹತ್ತಿರ ಹೇಗೆ ಕೇಳುವುದು? ಬೇಕೋ ಬೇಡವೋ ಅನ್ನುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಕುಶಾಲನಗರದಿಂದ ಮೆಕ್ಯಾನಿಕ್ ಬಂದ, ಮಲಯಾಳಿ, ನನ್ನನ್ನು ಅಕ್ಕ ಅನ್ನುವ ಬದಲು ಚೇಚಿ ಅನ್ನುವವನು. ಹೆಡ್ಡನ್ನು ಮೆಷಿನ್ನಿನಲ್ಲಿ ಒಂಚೂರು ಸವೆಸಿ ತಂದರು. ಸವೆಸಿದರೆ ಬಲ ಹೆಚ್ಚುತ್ತದಂತೆ. ಕಡಿಮೆ ಮಾಡಿದರೆ ಹೆಚ್ಚಾಗುವುದು ಹೇಗೆ ಎಂದು ಕೇಳಿದ್ದಕ್ಕೆ ನನ್ನವರು, "ಒಳಗೆ ಜಾಗ ಕಮ್ಮಿಯಾದ್ರೆ ಒತ್ತಡ ಜಾಸ್ತಿ. ನಿನ್ನ ಕುಕ್ಕರಿನ ಹಾಗೆ" ಎಂದರು. ನನ್ನ ಕುಕ್ಕರಿನಲ್ಲಿ ಹಾಗೇನೂ ಇಲ್ಲ. ಆಮೇಲೆ ಎರಡು ಕಾರ್ಬುರೇಟರಿಗೂ ಪೆಟ್ರೋಲ್ ಹೆಚ್ಚು ಹೋಗುವಂಥ ತೂತಿನ ಜೆಟ್ ಹಾಕಿದರು, ಉಸಿರು ಸರಾಗವಾಗಲಿ ಅಂತ ಸೈಲೆನ್ಸರ್ ಬದಲಿಸಿದರು. ಎಲ್ಲ ಮುಗಿಸಿ ಸ್ಟಾರ್ಟ್ ಮಾಡಿದರೆ, ಕಣದಲ್ಲಿ ಒಣಹಾಕಿದ್ದ ಕಾಪಿಯೇ ಕಾಣದಷ್ಟು ನೀಲಿ ಹೊಗೆ! ತೋಟದ ಏರು ಹತ್ತಿಸಿದರೆ ಒಳಗಿನಿಂದ ಡಬ್ಬಿಯಲ್ಲಿ ಕಾಪಿಬೀಜ ಅಲ್ಲಾಡಿಸಿದ ಹಾಗೆ ಕಿಣಿಕಿಣಿ. ಮೊದಲು ಹತ್ತುತ್ತಿದ್ದಷ್ಟೂ ಹತ್ತಲಿಲ್ಲ.

ಜೆಟ್ ತೆಗೆದು ಹಳೆಯದು ಹಾಕಿದರು. ಹೊಗೆ ನಿಲ್ಲಲಿಲ್ಲ. ಪ್ಲಗ್ ಬದಲಿಸಿದರು. ಹೊಸ ಪ್ಲಗ್ಗೂ ಎಣ್ಣೆಗಪ್ಪಾಗಿ ಒದ್ದೆಯಾಗಿ ಹೊರಬಂತು. "ಪಿಸ್ಟನ್ನಿನ ರಿಂಗ್ ಹೋಯ್ತು ಸಾರ್, ಎಣ್ಣೆ ಒಳಗೆ ಬರ್ತಿದೆ," ಎಂದ ಮೆಕ್ಯಾನಿಕ್. "ವಯಸ್ಸಾಯ್ತಲ್ಲ." ರೇಸಿಗೆ ಇನ್ನು ಮೂರ್ನಾಲ್ಕು ದಿನವಷ್ಟೇ. ನನ್ನವರು ಟೇಪ್ ತಂದು, ಬೇರೆ ಎಂಜಿನ್ ಹಿಡಿಸುತ್ತದಾ ಎಂದು ಬಾನೆಟ್ಟಿನೊಳಗೆ ಅಳೆಯತೊಡಗಿದರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಯಾರೋ ಅವರ ಕೋಣೆ ಅಳೆದ ಹಾಗೆ ನನಗೆ ಕಂಡಿತು.

ಕಾಪಿ ತಗೊಂಡು ಶೆಡ್ಡಿಗೆ ಹೋದೆ. ಆ ವಾಸನೆ ಅಲ್ಲೂ ಇತ್ತು. ವಾರದಿಂದ ನನ್ನನ್ನು ಕಾಡುತ್ತಿದ್ದ ವಾಸನೆ ಅದು. ಇವರ ಅಂಗಿ ನೆನೆಹಾಕುವಾಗ, ಹಗ್ಗದಲ್ಲಿ ಒಣಗಿದ ಬೆಡ್‌ಶೀಟ್ ಮಡಚುವಾಗ ಮೂಗಿಗೆ ಬಡಿಯುತ್ತಿತ್ತು. ಮಳೆಗಾಲದಲ್ಲಿ ಕಾಡು ಹೊಡೆಯುವಾಗ, ಅಂದರೆ ಮೆಷಿನ್ನಿನಿಂದ ತೋಟದ ಕಳೆ ಕತ್ತರಿಸುವಾಗ, ಕಿಟಕಿ ತೆರೆದರೆ ಬರುವ ಅದೇ ವಾಸನೆ. ಈಗಂತೂ ಕಾಪಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲ, ಕಳೆ ತೆಗೆಯುವವರು ಯಾರೂ ಇಲ್ಲ.

"ಯಾರು ಈಗ ಕಾಡು ಹೊಡೀತಿರೋದು?" ಎಂದು ಕೇಳಿದೆ.

"ಯಾರೂ ಇಲ್ಲಮ್ಮ. ಮೆಷಿನ್ ಸದ್ದು ಕೇಳ್ತಿದ್ಯಾ?" ಎಂದಳು ಅಲ್ಲೇ ಇದ್ದ ಮಗಳು.

"ಸದ್ದಿಲ್ಲ. ಅದಕ್ಕೇ ಕೇಳಿದ್ದು. ವಾಸನೆ ಮಾತ್ರ ಇದೆ."

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಟ್ಯಾಂಕಿಗೆ ಒಂದು ಕಡ್ಡಿ ಇಳಿಸಿ ತೆಗೆದು, ತುದಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ನನ್ನವರ ಮೂಗಿನ ಹತ್ತಿರ ಹಿಡಿದ. "ಸಾರ್, ಈ ಪೆಟ್ರೋಲ್ ಎಲ್ಲಿಂದ?"

"ಕ್ಯಾನಿಂದ. ನಮ್ಮ ರೈಟರ್ ತಂದದ್ದು."

ತೋಟದ ಲೆಕ್ಕ, ಸಾಮಾನು ನೋಡಿಕೊಳ್ಳುವ ರೈಟರನ್ನು ಕರೆಸಿದರು. ಆತ ತಲೆ ಕೆರೆದುಕೊಂಡು, "ಬಂಕಿಂದ ತಂದ ಕೂಡ್ಲೇ ಆಯಿಲ್ ಬೆರೆಸಿಟ್ಟೆ. ಯಾವತ್ತೂ ಹಾಗೇ ಅಲ್ವಾ ಸಾರ್? ಕ್ಯಾನಲ್ಲಿ ಬಂದ ಪೆಟ್ರೋಲಂದ್ರೆ ಕಾಡು ಹೊಡಿಯೋ ಮೆಷಿನ್ನಿಗೇ ತಾನೆ," ಎಂದ.

ಆ ಪದ್ಧತಿ ಮಾಡಿದ್ದೇ ನನ್ನವರು. ಬೆರೆಸಲು ಮರೆತು ಮೆಷಿನ್ ಸುಟ್ಟುಹೋಗದಿರಲಿ ಅಂತ. ಅವರು ಟೇಪನ್ನು ನಿಧಾನಕ್ಕೆ ಸುತ್ತಿ ಜೇಬಿಗೆ ಹಾಕಿಕೊಂಡರು. ಮಗಳು ನೆಲದ ಮೇಲೆ ಕೂತು ನಗಾಡಿದಳು. "ಪಪ್ಪಾ, ಇಷ್ಟು ದಿನ ನಾವು ಅಜ್ಜನ ಕಾರಲ್ಲಿ ಹುಲ್ಲು ಕುಯ್ತಾ ಇದ್ವಿ!"

"ಚೇಚಿ, ನಿಮ್ಮ ಮೂಗು ನನಗೆ ಸ್ವಲ್ಪ ಬಾಡಿಗೆಗೆ ಕೊಡಿ," ಎಂದ ಮೆಕ್ಯಾನಿಕ್. ನಾನು ಬರೀ ಪ್ರಶ್ನೆ ಕೇಳಿದ್ದು. ಎಲ್ಲರೂ ಉತ್ತರ ಕೊಟ್ಟವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

ಟ್ಯಾಂಕ್ ಬರಿದು ಮಾಡಿ, ಪ್ಲಗ್ ತೊಳೆದು, ಆಯಿಲ್ ಬೆರೆಸದ ಪೆಟ್ರೋಲ್ ತುಂಬಿಸಿದರು. ದೊಡ್ಡ ಜೆಟ್ ಮತ್ತೆ ಕೂತಿತು. ಹೊಗೆಯಿಲ್ಲ, ಕಿಣಿಕಿಣಿಯಿಲ್ಲ, ಏರು ಸಲೀಸಾಗಿ ಹತ್ತಿತು. ಕುದುರೆಗಳು ಎದ್ದವಂತೆ. ಆದರೆ ಹೊಸ ಸೈಲೆನ್ಸರಿನ ಅಬ್ಬರದಲ್ಲಿ ನನಗೆ ಪರಿಚಯದ್ದು ಏನೂ ಕೇಳಲಿಲ್ಲ. ಎಂಜಿನ್ ಉಳಿಯಿತು ಅಂತ ಸಂತೋಷಪಡಬೇಕೋ ಏನೋ ತಿಳಿಯದೆ ಒಳಗೆ ಹೋಗಿ ಅನ್ನಕ್ಕಿಟ್ಟೆ.

ಭಾನುವಾರ ಗದ್ದೆಯ ಕೊನೆಯ ತಿರುವಿನ ಹತ್ತಿರ, ಬದುವಿನ ಮೇಲೆ, ಕೊಡೆ ಹಿಡಿದು ಕೂತಿದ್ದೆ. ಬ್ಯಾಗು ಕಾಲ ಬಳಿ ಇತ್ತು. ಧೂಳಿನ ಮುದ್ದೆಯ ಹಾಗೆ ಮಗಳು ಬಂದಳು. ಅವಳು ಈ ಸಲ ಕೊನೆಯವಳಾಗಲಿಲ್ಲ, ನನ್ನ ತಮ್ಮ ಬಾಯಿ ಮುಚ್ಚಿಕೊಂಡಿದ್ದ ಎಂಬುದೆಲ್ಲ ಆಮೇಲೆ ಗೊತ್ತಾದದ್ದು. ತಿರುವಿಗೆ ಬಂದವಳು ಕಾಲು ತೆಗೆದಳು. ಅಬ್ಬರ ಒಮ್ಮೆಲೇ ಇಳಿಯಿತು.

ಗುಡುಗುಡು. ಪಟ್, ಪಟ್.

ಅದೇನಾ? ಅಥವಾ ಈ ಬಿಸಿಲಿಗೆ ನನಗೆ ಹಾಗೆ ಕೇಳಿಸಿತಾ? ಯೋಚಿಸುವಷ್ಟರಲ್ಲಿ ಅವಳು ಮತ್ತೆ ಒತ್ತಿ ಹೋಗಿಯೂ ಆಯಿತು.

ಪಕ್ಕದಲ್ಲಿದ್ದ ನನ್ನವರು ತಲೆಯೆತ್ತಿ ನೋಡಿದರು.

"ಎಲ್ಲಿಗೆ ಹೊರಟೆ?"

ನಾನು ಎದ್ದು ನಿಂತಿದ್ದೆ. ಬ್ಯಾಗಿನ ಹಿಡಿ ಕೈಯಲ್ಲಿತ್ತು.