ಎಲೆಯಲ್ಲಿದ್ದ ಐದನೆಯ ತುಂಡು

ಹಿಮಾನಮ್ಮನನ್ನು ನಾನು ಮೊದಲು ನೋಡಿದ್ದು ಹನ್ನೆರಡು ವರ್ಷದ ಹಿಂದೆ, ಮಹಾಲಯ ಅಮಾವಾಸ್ಯೆಯ ದಿನ, ಮಧ್ಯಾಹ್ನ ಒಂದೂಕಾಲಿಗೆ. ಗಂಟೆ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ನಮ್ಮ ಯಜಮಾನರು ಮುನಿರಾಮಯ್ಯ ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಮೊದಲನೆಯ ಹಿರಿಯರ ಹಬ್ಬ ಅದು. ಕೋಗಿಲಿನ ನಮ್ಮ ಮನೆಯ ನಡುಕೋಣೆಯಲ್ಲಿ ಅವರ ಫೋಟೋ ಮುಂದೆ ಹೊಸ ಪಂಚೆ ಇಟ್ಟು, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಒಂದು ಗಂಟೆಗೆ ಬಾಗಿಲು ಮುಚ್ಚಿ ಎಲ್ಲರೂ ಮುಂದಿನ ಅಂಗಳಕ್ಕೆ ಬಂದೆವು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗಬಾರದು, ಇಣುಕಲೂಬಾರದು. ಅದು ನಮ್ಮ ಕಡೆಯ ಪದ್ಧತಿ.

ಎಲೆಯಲ್ಲಿ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಐದು ತುಂಡು ಹುರಿದ ಗೆಂಡೆ ಮೀನು. ಬಡಿಸಿದವಳು ನಾನೇ. ಐದು ಎಂಬುದರಲ್ಲಿ ಅನುಮಾನವಿಲ್ಲ.

ಮೀನು ತಂದವನು ನನ್ನ ಮೈದುನ ಚನ್ನಕೇಶವ. ಹಿತ್ತಲಿನ ಹುಣಸೆಮರ ಯಾರ ಪಾಲಿಗೆ ಎಂದು ಅಣ್ಣತಮ್ಮಂದಿರು ಜಗಳವಾಡಿ ಏಳು ವರ್ಷ ಮಾತು ಬಿಟ್ಟಿದ್ದರು. ಇವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಚನ್ನಕೇಶವ ಗೇಟಿನವರೆಗೆ ಬಂದವನು, ಒಳಗೆ ಬರಲು ಕಾಲು ಬಾರದೆ ವಾಪಸ್ಸು ಹೋದ. ಮಾರನೆಯ ದಿನ ಇವರಿರಲಿಲ್ಲ. ಹಬ್ಬದ ಬೆಳಗ್ಗೆ ಅವನೇ ಅಲ್ಲಾಳಸಂದ್ರದ ಕೆರೆ ಹತ್ತಿರ ಮೀನು ಹಿಡಿಯುವವರಿಂದ ತಂದು ನನ್ನ ಕೈಗೆ ಕೊಟ್ಟು, "ಅತ್ಗೆ, ಅಣ್ಣ ಮುಟ್ತಾನೋ ಇಲ್ವೋ ಕಾಣೆ. ಎಲೆಗೆ ಮಾತ್ರ ಆಕು" ಅಂದ. ಅಂಗಳದಲ್ಲಿ ನಿಂತಷ್ಟು ಹೊತ್ತೂ ಅವನ ಕಣ್ಣು ಆ ಮುಚ್ಚಿದ ಬಾಗಿಲ ಮೇಲೇ ಇತ್ತು.

ಒಂದೂಕಾಲಿಗೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆದೆವು. ಎಲೆಯಲ್ಲಿ ನಾಲ್ಕು ತುಂಡು. ಐದನೆಯದರ ಮುಳ್ಳು ಎಲೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಇತ್ತು.

"ಬಂದವ್ನೆ! ಅಣ್ಣ ಬಂದವ್ನೆ! ನಾನ್ ತಂದ್ ಮೀನ್ ತಿಂದವ್ನೆ ನೋಡ್ರೋ!" ಚನ್ನಕೇಶವ ನೆಲದ ಮೇಲೆ ಕೂತುಬಿಟ್ಟ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯುವ ಹಾಗಿರಲಿಲ್ಲ.

ನಾನು ಮುಳ್ಳನ್ನು ನೋಡಿದೆ. ಮೂವತ್ತೆಂಟು ವರ್ಷ ಅವರಿಗೆ ಬಡಿಸಿದ್ದೇನೆ. ಅವರು ಮೀನು ತಿಂದು ಎದ್ದರೆ ಎಲೆಯ ಸುತ್ತ ಬೆಕ್ಕುಗಳು ಕಿತ್ತಾಡಿದ ಹಾಗೆ ಇರುತ್ತಿತ್ತು. ಸತ್ತ ಮಾತ್ರಕ್ಕೆ ಇಷ್ಟು ಒಪ್ಪ ಕಲಿಯುವ ಆಸಾಮಿಯಲ್ಲ. ಸದ್ದು ಮಾಡದೆ ಅಡಿಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಹೋದೆ.

ಮಹಡಿಯ ಮೆಟ್ಟಿಲ ಹತ್ತಿರ ನೀಲಿ ಅಂಚಿನ ಹತ್ತಿ ಸೀರೆ, ದಪ್ಪ ಕನ್ನಡಕದ ಹೆಂಗಸು. ಹೆಗಲಲ್ಲಿ ಬಟ್ಟೆಯ ಚೀಲ. ಬಲಗೈಯನ್ನು ಸೀರೆಗೆ ತಾಗದ ಹಾಗೆ ದೂರ ಹಿಡಿದು ನಲ್ಲಿ ಹುಡುಕುತ್ತಿದ್ದಳು.

"ಹಿಂದಿನ ಗೇಟಲ್ಲಿ ಬಾಡಿಗೆ ಬೋರ್ಡು ನೋಡಿದೆ. ಕೂಗಿದೆ, ಯಾರೂ ಇಲ್ಲ. ಒಳಗೆ ಬಂದೆ" ಅಂದಳು. "ಪೂಜೆ ಮುಗಿದಿತ್ತು. ಪ್ರಸಾದ ತಗೊಂಡೆ. ಬಹಳ ಚೆನ್ನಾಗಿದೆ. ಸ್ವಲ್ಪ ಸಾಸಿವೆ ಅರೆದು ಹಾಕಿದ್ರೆ ಇನ್ನೂ ಚೆನ್ನಾಗಿರುತ್ತೆ."

ಅವರ ಊರಲ್ಲಿ ಪೂಜೆಯಾದ ಮೇಲೆ ಉಳಿದದ್ದು ಪ್ರಸಾದ. ಬಂದವರು ತೆಗೆದುಕೊಳ್ಳದಿದ್ದರೆ ಮನೆಯವರಿಗೆ ಬೇಸರ. ನಮ್ಮ ಎಡೆ ಅವಳಿಗೆ ಹೇಗೆ ಗೊತ್ತಿರಬೇಕು?

"ಬೆಳಗ್ಗೆಯಿಂದ ನಾಲ್ಕು ಮನೆ ಕೇಳಿದೆ. ಮೀನು ಬೇಯಿಸ್ತೀರಾ ಅಂದ್ರು. ಹೌದು ಅಂದೆ. ಬಾಗಿಲು ಹಾಕಿದ್ರು. ನಿಮ್ಮ ಮನೇಲಿ ದೇವರೇ ಮೀನು ತಿಂತಾರೆ!"

"ದೇವರಲ್ಲಮ್ಮ, ನಮ್ಮ ಯಜಮಾನ್ರು" ಅಂದೆ. ಒಳಗೆ ಚನ್ನಕೇಶವನ ಧ್ವನಿ ಬೀದಿಯವರನ್ನೆಲ್ಲ ಕರೆಯುತ್ತಿತ್ತು. "ಮನೆ ನಿಮಗೇ ಕೊಡ್ತೀನಿ. ಪ್ರಸಾದ ತಗೊಂಡ ವಿಷಯ ಮಾತ್ರ ಯಾರ ಹತ್ರಾನೂ ಆಡ್ಬೇಡಿ." ಚೊಂಬಿನಲ್ಲಿ ನೀರು ಕೊಟ್ಟೆ. ಯಾಕೆ ಎಂದು ಕೇಳುವಷ್ಟು ಕನ್ನಡ ಆಗ ಅವಳಿಗೆ ಇತ್ತು, ನಾನು ಹೇಳಿದ್ದರೆ ತಿಳಿಯುವಷ್ಟು ಇರಲಿಲ್ಲ.

ಅವಳ ಹೆಸರು ಹಿಮಾನಿ ಭಾದುಡಿ. ಹುಟ್ಟಿದ್ದು ಈಗ ಬೇರೆ ದೇಶವಾಗಿರುವ ಬಂಗಾಳದಲ್ಲಿ, ನದಿ ದಂಡೆಯ ಹಳ್ಳಿಯಲ್ಲಿ. ಎಂಟನೆಯ ವಯಸ್ಸಿಗೆ ಗಲಾಟೆಯಲ್ಲಿ ಅಪ್ಪನ ಹೆಗಲೇರಿ ಗಡಿ ದಾಟಿದವಳು. ಗಂಡನಿಗೆ ಯಲಹಂಕದ ವ್ಹೀಲ್ ಫ್ಯಾಕ್ಟರಿಯಲ್ಲಿ ಕೆಲಸ. ಅವರು ಹೋದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಗಿ ನಮ್ಮ ಮಹಡಿಗೆ ಬಂದಳು. ಸಾಮಾನು ಎಂದರೆ ಒಂದು ಮಂಚ, ಮೀನು ಹೆಚ್ಚುವ ಈಳಿಗೆಮಣೆ, ಹನ್ನೊಂದು ಪೆಟ್ಟಿಗೆ ಪುಸ್ತಕ. ಬಂಗಾಳಿಯಲ್ಲಿ ಕತೆ ಬರೆಯುತ್ತಿದ್ದಳು. ಅಲ್ಲಿಯವರೆಗೆ ಬರೆಯುವವರನ್ನು ನಾನು ನೋಡಿದ್ದು ತಾಲ್ಲೂಕು ಕಚೇರಿ ಮುಂದೆ ಮಾತ್ರ.

ಹುಟ್ಟೂರಿನ ಮೇಲೆ ಅವಳು ಮೊದಲೇ ಒಂದು ಪುಸ್ತಕ ಬರೆದಿದ್ದಳಂತೆ. ಅದನ್ನು ಓದಿ ಅದೇ ಊರಿನ ಮುದುಕರೊಬ್ಬರು ಕಾಗದ ಹಾಕಿದ್ದರು: ನಮ್ಮ ಊರಲ್ಲಿ ನದಿಗಿಳಿಯುವ ಸೋಪಾನಕಟ್ಟೆಯ ಆಲದಮರ ಎಡಕ್ಕಲ್ಲ ತಾಯಿ, ಬಲಕ್ಕಿತ್ತು. ಅಷ್ಟೇ ಕಾಗದ. ಹೋಗಿ ನೋಡಿ ಬರುವ ಊರಲ್ಲ, ಕೇಳೋಣವೆಂದರೆ ಅಪ್ಪನೂ ಇಲ್ಲ. ಆ ಕಾಗದವನ್ನು ನನಗೆ ತೋರಿಸಿ, "ದಿದಿ, ಈಗ ನಿಮ್ಮ ಬೀದಿ ಮೇಲೆ ಬರೀತೀನಿ. ಇದರಲ್ಲಿ ಒಂದು ತಪ್ಪೂ ಇರಬಾರದು. ಒಂದೂ" ಅಂದಳು. ದಿದಿ ಎಂದರೆ ಅವರಲ್ಲಿ ಅಕ್ಕ.

ಆ ತಪ್ಪು ಹುಡುಕುವ ಕೆಲಸ ನನಗೆ ಬಂತು. ನಾನು ಮಾಕಳಿಯ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಹೋದವಳು. ಬಂಗಾಳಿ ಅಕ್ಷರ ನನಗೆ ಬಟ್ಟೆ ಒಣಹಾಕಿದ ದಾರದ ಹಾಗೆ ಕಾಣುತ್ತದೆ. ದಿನಾ ಹನ್ನೊಂದು ಗಂಟೆಗೆ ಅವಳು ಮೂರನೆಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುವಳು. ನಾನು ಕೆಳಗೆ ಕೂತು ಕೇಳುವೆ. ಪಕ್ಕದಲ್ಲಿ ಅದೇ ಜಗಳದ ಮರದ ಹುಣಸೆಬೀಜದ ಡಬ್ಬಿ. ತಪ್ಪಿಗೊಂದು ಬೀಜ ತೆಗೆದು ಮೆಟ್ಟಿಲ ಮೇಲೆ ಇಡುವೆ.

"ಆಷಾಢದಲ್ಲಿ ಹೆಂಗಸರು ರಾಗಿ ಕಣದಲ್ಲಿ..."

ಬೀಜ.

"ಯಾಕೆ ದಿದಿ?"

"ಆಷಾಢದಲ್ಲಿ ರಾಗಿ ಬಿತ್ತೋ ಹೊತ್ತು ಕಣಮ್ಮ. ಕಣ ಆಗೋದು ಸಂಕ್ರಾಂತಿ ಕಡೆಗೆ. ನಿನ್ನ ಪುಸ್ತಕ ನಂಬ್ಕೊಂಡ್ರೆ ಜನ ಉಪವಾಸ."

ಮೊದಲ ವಾರ ದಿನಕ್ಕೆ ಇಪ್ಪತ್ತು ಬೀಜ. ಅವಳು ಅವನ್ನು ಬೊಗಸೆಯಲ್ಲಿ ಹಿಡಿದು ಮಹಡಿಗೆ ಹೋಗಿ, ಅಷ್ಟೂ ತಿದ್ದಿದ ಮೇಲೆ ಡಬ್ಬಿಗೆ ವಾಪಸ್ಸು ಹಾಕುವಳು. ನನಗೇ ಅನುಮಾನ ಬಂದರೆ ಹೋಗಿ ನೋಡಿ ಬರುತ್ತಿದ್ದೆವು. ನನ್ನ ತವರಿನ ಒರಳುಕಲ್ಲು ಗುಂಡಗಿತ್ತೋ ಚೌಕವಾಗಿತ್ತೋ ಎಂದು ನೋಡಲು ಎರಡು ಬಸ್ಸು ಬದಲಾಯಿಸಿ ಮಾಕಳಿಗೆ ಹೋದೆವು. ಕಲ್ಲು ಒಂದು ಗ್ಯಾರೇಜಿನ ಮುಂದೆ ಇತ್ತು. ಅದರ ಮೇಲೆ ಲಾರಿ ಟಯರು. ಗ್ಯಾರೇಜಿನ ತಾಜುದ್ದೀನ್ ಸಾಬರು ಟಯರು ಸರಿಸಿ ಕೊಟ್ಟು, "ಏನಮ್ಮ, ವಾಪಸ್ ತಗೊಂಡೋಗಕ್ಕೆ ಬಂದ್ರಾ?" ಅಂದರು. "ಇಲ್ಲ, ಆಕಾರ ನೋಡೋಕೆ" ಎಂದಳು ಹಿಮಾನಮ್ಮ, ದೇವಸ್ಥಾನಕ್ಕೆ ಬಂದವಳ ಹಾಗೆ. ಗುಂಡಗಿತ್ತು.

ಹೀಗೆ ಐದು ವರ್ಷವಾಗುವ ಹೊತ್ತಿಗೆ ದಿನಕ್ಕೆ ಒಂದೋ ಎರಡೋ ಬೀಜಕ್ಕೆ ಬಂದಿತ್ತು. ಆಗ ಒಂದು ದಿನ ಚನ್ನಕೇಶವ ಮೆಟ್ಟಿಲ ಹತ್ತಿರ ಕುರ್ಚಿ ಹಾಕಿಕೊಂಡು, "ಬೆಂಗಾಲಿಯಮ್ಮೋರೆ, ನಮ್ಮಣ್ಣನ ಎಡೆ ಕತೆ ಬರ್ಕಳಿ" ಅಂದ. ಕೋಗಿಲಿನಲ್ಲಿ ಆ ಕತೆ ಕೇಳದವರು ಉಳಿದದ್ದು ಇವಳೊಬ್ಬಳೇ. ಈಗ ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು.

"ಏಳ್ ವರ್ಷ ಮಾತಿಲ್ಲ ಕಣ್ರೀ. ಆಸ್ಪತ್ರೆ ಗೇಟಿಂದ ಇಂಗೇ ತಿರುಕ್ಕಂಡ್ ಬಂದ್ಬುಟ್ಟೆ, ಪಾಪಿ ನಾನು. ಆದ್ರೂ ಅಣ್ಣ ಬಂದು ನಾನ್ ತಂದ ಮೀನೇ ಆರ್ಸಿ ತಿಂದ! ಅವತ್ತಿಂದ ನಿದ್ದೆ ಬಂತು ನಂಗೆ."

ಅವನು ಎದ್ದು ಹೋದ ಮೇಲೆ ಅವಳು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು.

"ದಿದಿ. ಅದು ನಾನು."

"ಗೊತ್ತು."

"ಯಾವಾಗಿಂದ?"

"ಒಂದೂಕಾಲಿಂದ."

ಅವಳು ನಗಲಿಲ್ಲ. "ಬರೆದ್ರೆ ಚನ್ನಕೇಶವ ಅವರು ಅಣ್ಣನ್ನ ಇನ್ನೊಂದು ಸಲ ಕಳ್ಕೋತಾರೆ. ಬರೀದೇ ಹೋದ್ರೆ ಪುಸ್ತಕ ಸುಳ್ಳಾಗುತ್ತೆ. ಏನು ಮಾಡಲಿ?"

"ಬರಿ. ಅವನಿಗೆಲ್ಲಿ ಬಂಗಾಳಿ ಬರುತ್ತೆ?"

ಒಳಗಿನಿಂದ ನನ್ನ ಮೊಮ್ಮಗಳು ಚೈತ್ರ ಕೂಗಿದಳು, "ಅಜ್ಜೀ, ಈಗ ಫೋನ್ ಹಿಡಿದ್ರೆ ಸಾಕು, ಯಾವ ಭಾಷೆ ಇದ್ರೂ ಕನ್ನಡದಲ್ಲಿ ಓದಿ ಹೇಳುತ್ತೆ!"

ಮುಗಿಯಿತು. ಪುಸ್ತಕ ಎಂಟು ತಿಂಗಳು ಆ ಒಂದು ಪುಟಕ್ಕೆ ನಿಂತಿತು. ಕಲ್ಕತ್ತೆಯಿಂದ ಅಚ್ಚುಹಾಕುವವರು ಫೋನು ಮಾಡಿದರೆ ಮೈ ಸರಿಯಿಲ್ಲ ಅನ್ನುವಳು. ಬರೆದು ಹರಿಯುವಳು. ಅಣ್ಣನೇ ತಿಂದ ಎಂದು ಒಮ್ಮೆ ಬರೆದು ತಂದು ಓದಿದಳು. ನಾನು ಬೀಜ ಎತ್ತುವ ಮೊದಲೇ ಅವಳೇ ಡಬ್ಬಿಗೆ ಕೈ ಹಾಕಿ ಒಂದು ಬೀಜ ತೆಗೆದು ತನ್ನ ಮುಂದೆ ಇಟ್ಟುಕೊಂಡಳು.

ಕೊನೆಗೆ ನಾನು ಹೇಳಿದೆ: "ಯಾರು ತಿಂದ್ರು ಅನ್ನೋದು ಬಿಡು. ಅವತ್ತು ಏನೇನಿತ್ತು, ಅದನ್ನ ಒಂದೊಂದಾಗಿ ಹೇಳ್ತಾ ಹೋಗು."

"ಎಲೆಯಲ್ಲಿ ಐದು ತುಂಡು ಮೀನಿತ್ತು."

"ಸರಿ."

"ಬಾಗಿಲು ತೆಗೆದಾಗ ನಾಲ್ಕಿತ್ತು. ಮುಳ್ಳು ಅಂಚಿನಲ್ಲಿ ಸಾಲಾಗಿತ್ತು."

"ಸರಿ."

"ತಮ್ಮ ನೆಲದ ಮೇಲೆ ಕೂತು ಅತ್ತ. ಆ ದಿನ ನಾನು ಆ ಮನೆಗೆ ಹಸಿದು ಬಂದಿದ್ದೆ." ಬೀಜದ ಡಬ್ಬಿಯ ಕಡೆ ನೋಡಿದಳು. "ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತಾಗ ಹಸಿವು ಇರಲಿಲ್ಲ."

ನಾನು ಬೀಜ ಮುಟ್ಟಲಿಲ್ಲ. "ಇಷ್ಟೇ ಬರಿ" ಅಂದೆ.

ಬಂದ ಆರನೆಯ ವರ್ಷ ಪುಸ್ತಕದ ಪಾರ್ಸೆಲ್ ಬಂತು. ಚನ್ನಕೇಶವ ಇಸ್ತ್ರಿ ಶರಟು ಹಾಕಿಕೊಂಡು ಬಂದು, "ನಮ್ಮಣ್ಣ ಇರೋ ಪೇಜ್ ತೆಗಿಯವ್ವ ಚೈತ್ರಾ" ಅಂದ. ಚೈತ್ರ ಫೋನು ಹಿಡಿದಳು. ರೈಲ್ವೆ ಸ್ಟೇಷನ್ನಿನಲ್ಲಿ ಕೂಗುವ ಹೆಂಗಸಿನಂಥದೇ ಒಂದು ಧ್ವನಿ ನಮ್ಮ ಮನೆಯ ಎಡೆಯ ಕತೆ ಹೇಳಿತು. ಐದು. ನಾಲ್ಕು. ಮುಳ್ಳು. ಹಸಿವು. ಹಿಮಾನಮ್ಮ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ಅವಳ ಕನ್ನಡಕಕ್ಕೆ ಆವಿ ಹಿಡಿದಿತ್ತು.

ಚನ್ನಕೇಶವ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಪುಸ್ತಕ ಮುಚ್ಚಿದ.

"ಕೇಳಿದ್ರಾ ಅತ್ಗೆ! ಅಣ್ಣ ತಿಂದಿದ್ ನೋಡ್ಬುಟ್ಟೇ ಈ ಯಮ್ಮನ ಒಟ್ಟೆ ತುಂಬೋಯ್ತಂತೆ!"

ಆ ಪುಟವನ್ನು ಜೆರಾಕ್ಸ್ ಮಾಡಿಸಿ, ಕಟ್ಟು ಹಾಕಿಸಿ, ತನ್ನ ಮನೆಯ ಹಜಾರದಲ್ಲಿ ತೂಗುಹಾಕಿದ. ಮೂರು ದಿನ ಅದು ತಲೆಕೆಳಗಾಗಿತ್ತು. ಹಿಮಾನಮ್ಮ ಹೋಗಿ ತಿರುಗಿಸಿ ಬಂದಳು.

ಆ ವರ್ಷದ ಅಮಾವಾಸ್ಯೆಗೆ ಅವನು ಮೀನು ತಂದು ಕೊಡುವಾಗ ಹೇಳಿದ ಮಾತನ್ನೂ ಬರೆಯಬೇಕು. "ಆರು ತುಂಡು ಉರಿ ಅತ್ಗೆ. ಒಂದ್ ಮಹಡಿಗೆ ಕೊಟ್ಬುಟ್ಟು, ಆಮ್ಯಾಕೆ ಬಾಗ್ಲು ಮುಚ್ಚು."

ಆರನೆಯದನ್ನು ಮಹಡಿಗೆ ಕೊಟ್ಟು ಬಂದೇ ಬಾಗಿಲು ಮುಚ್ಚಿದೆ. ಅವನು ಬದುಕಿರುವವರೆಗೆ ಪ್ರತಿ ವರ್ಷ ಆರು ತುಂಡು ಎಣಿಸಿಯೇ ಹೋಗುತ್ತಿದ್ದ. ಅವನು ಹೋಗಿ ಎರಡು ವರ್ಷವಾಯಿತು. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ.

ಎಡೆ ನಮ್ಮ ವಂಶದವರಿಗೆ ಮಾತ್ರ, ಹೊರಗಿನವರಿಗೆ ಇಡುವ ಪದ್ಧತಿಯಿಲ್ಲ. ಆದರೂ ಈ ಸಲ ಮೂರು ಎಲೆ ಹಾಕಿದೆ. ನಾದಿನಿ ನಾರಾಯಣಮ್ಮ, "ಇದ್ಯಾರದೇ ಮೂರನೇದು, ಯಾವ ಗೋತ್ರ?" ಎಂದು ಮೂತಿ ತಿರುಗಿಸಿದಳು. "ಸಾಸಿವೆ ಗೋತ್ರ" ಅಂದೆ. ಮೂರನೆಯ ಎಲೆಯ ಮೀನಿಗೆ ಸಾಸಿವೆ ಅರೆದು ಹಾಕಿದ್ದೆ.

ಹಿಮಾನಮ್ಮ ಹೋದದ್ದು ಈ ಮಾಘದಲ್ಲಿ, ತನ್ನ ಮಂಚದಲ್ಲೇ, ಹೆಚ್ಚು ನರಳದೆ. ಹಿಂದಿನ ದಿನ ಹನ್ನೊಂದು ಗಂಟೆಗೆ ನಾನು ಹುಣಸೆಬೀಜದ ಡಬ್ಬಿ ಹಿಡಿದು ಮಹಡಿಗೆ ಹೋದೆ, ಓದುವುದು ಏನೂ ಇರಲಿಲ್ಲವಾದರೂ. ಡಬ್ಬಿ ಕಂಡು ನಕ್ಕಳು. ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು:

"ದಿದಿ, ಬರೋ ಅಮಾವಾಸ್ಯೆಗೆ ಬಾಗಿಲು ಮುಚ್ಚೋ ಮುಂಚೆ ನನಗೂ ಒಂದು ಎಲೆ ಹಾಕ್ತೀರಾ? ಇಲ್ಲಾಂದ್ರೆ ಮತ್ತೆ ಅವರ ಎಲೆಗೇ ಕೈ ಹಾಕ್ಬೇಕಾಗುತ್ತಲ್ಲ?"