ಉಜ್ಜಕ್ಕ ಬೆಳ್ಳಗೆ ಮಾಡಿದ ಚಿಪ್ಪುಗಳು

ಗೋಡೆಯಾಚೆ ಗಾಳಿಯಂತ್ರ ಗೊರಗೊರ ಅನ್ನುತ್ತಿತ್ತು. ಆ ಸದ್ದು ಇರುವಷ್ಟು ಹೊತ್ತು ಸೀಗಡಿ ಮರಿಗಳ ತೊಟ್ಟಿಗೆ ಗಾಳಿ ಹೋಗುತ್ತಿದೆ ಎಂದು ಉಜ್ಜಕ್ಕನಿಗೆ ನೆಮ್ಮದಿ. ತಳ ಸವೆದ ಪಾತ್ರೆಗಳನ್ನು ನೋಡಿ ಅವಳಿಗೆ ಆ ಹೆಸರಿಟ್ಟವನು ಗಂಡನೇ. "ಇವಳ ಕೈಗೆ ಸಿಕ್ಕಿದ್ರೆ ಚಂದ್ರನ ಕಲೆಯೂ ಉಳಿಯಲ್ಲ" ಅನ್ನುತ್ತಾನೆ.

ಮರಿ ಕೇಂದ್ರಕ್ಕೆ ನೆಲ ಒರೆಸಲು ಸೇರಿದವಳಿಗೆ ಈ ಸಲ ಒಂದು ತೊಟ್ಟಿಯನ್ನು ಪೂರ್ತಿ ಒಪ್ಪಿಸಿದ್ದರು. ರೆಪ್ಪೆಕೂದಲಿನಷ್ಟು ಮರಿಗಳು ತಲೆ ಕೆಳಗೆ, ಬಾಲ ಮೇಲೆ ಮಾಡಿ ಈಜುತ್ತಿದ್ದವು. ಅವು ನೆಟ್ಟಗಾಗಿ ಗೋಡೆ ಹಿಡಿಯುವವರೆಗೆ ಉಳಿಸಿಕೊಂಡರೆ ಮುಂದಿನ ತೊಟ್ಟಿಯೂ ಅವಳದೇ. ಇಲ್ಲವಾದರೆ ಮತ್ತೆ ಪೊರಕೆ.

ತೊಟ್ಟಿಯ ನೀರು ಪಕ್ಕದ ಡ್ರಮ್ಮಿನೊಳಗಿನ ಕಪ್ಪೆಚಿಪ್ಪುಗಳ ನಡುವೆ ಹಾದು ಮರಳಿ ಬರುತ್ತಿತ್ತು. ಚಿಪ್ಪುಗಳ ಮೇಲೆಲ್ಲ ಕಂದು ಲೋಳೆ. ಉಜ್ಜಕ್ಕನ ಕೈ ಸುಮ್ಮನಿರಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಹಾಲುಹಲ್ಲಿನಂತೆ ಬೆಳ್ಳಗೆ ಮಾಡಿ, ಚೆನ್ನಾಗಿ ಜಾಲಿಸಿ ಮತ್ತೆ ತುಂಬಿದಳು.

ಮರಿಗಳು ಮಂಕಾದವು. ಮೇವು ಬಿಟ್ಟು ತಳಕ್ಕಿಳಿಯತೊಡಗಿದವು.

ಮೇಲ್ವಿಚಾರಕಿ ನೀರು ಪರೀಕ್ಷಿಸಿ, ಡ್ರಮ್ಮಿನೊಳಗೆ ಬಗ್ಗಿ ನೋಡಿದರು.

"ಯಾರಮ್ಮ ಇದನ್ನ ತೊಳೆದಿದ್ದು?"

"ನಾನೇ ಮೇಡಂ. ಲೋಳೆ ಕಟ್ಟಿತ್ತು."

"ಆ ಲೋಳೆಯಲ್ಲೇ ಅಲ್ವಾ ಬ್ಯಾಕ್ಟೀರಿಯಾ ಇದ್ದಿದ್ದು? ಮರಿಗಳ ಹೊಲಸಿನ ವಿಷ ತೆಗೆಯೋವು ಅವೇ. ಕೆಲಸದವರನ್ನೆಲ್ಲ ಕೊಂದು ಮನೆ ಚೊಕ್ಕ ಮಾಡಿದೀಯ."

"ಬ್ಯಾಕ್ಟೀರಿಯಾ ಅಂದ್ರೆ ಮರಿಗೆ ಕಾಯಿಲೆ ಅಂತ ನೀವೇ ಹೇಳಿದ್ರಲ್ಲ."

"ಕಾಯಿಲೆ ತರೋವೂ ಇವೆ. ಹಾಗಂತ ಎಲ್ಲವೂ ಒಂದೇನಾ? ನಿನ್ನ ಗಂಡನೂ ನಿನ್ನ ಭಾವನೂ ಒಂದೇನಾ?"

"ಭಾವ ಸ್ವಲ್ಪ ವಾಸಿ" ಅಂದಳು, ಕಣ್ಣಲ್ಲಿ ನೀರಿಟ್ಟುಕೊಂಡೇ.

ಮೇಲ್ವಿಚಾರಕಿ ನಕ್ಕುಬಿಟ್ಟರು. ಆಮೇಲೆ ಇಬ್ಬರೂ ಸೆರಗು ಸಿಕ್ಕಿಸಿದರು. ತೊಟ್ಟಿಯ ಅರ್ಧ ನೀರು ಬದಲಾಯಿತು. ಆಚೆ ಕೋಣೆಯ ಗಟ್ಟಿಮುಟ್ಟಾದ ಮರಿಗಳ ಡ್ರಮ್ಮಿನಿಂದ ಲೋಳೆ ಹಿಡಿದ ಚಿಪ್ಪುಗಳನ್ನು ಬುಟ್ಟಿಗೆ ತುಂಬಿಕೊಂಡು, ಒಣಗುವ ಮೊದಲೇ ತಲುಪಬೇಕೆಂದು ಉಜ್ಜಕ್ಕ ಓಡಿದಳು. ಬುತ್ತಿ ತಂದ ಗಂಡ ಬಾಗಿಲಲ್ಲೇ ಎದುರಾದ.

"ಏನೇ, ಕೊಳೆ ಹೊತ್ಕೊಂಡು ಬರ್ತಿದೀಯ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ದಾರಿ ಬಿಡಿ. ಮುಟ್ಟಿದ್ರೆ ಕೈ ಮುರೀತೀನಿ."

ದಿನವೂ ಸ್ವಲ್ಪ ಹೊಸ ನೀರು, ಅಳೆದು ಹಾಕಿದ ಮೇವು. ಬೆಳ್ಳಗಿದ್ದ ಚಿಪ್ಪುಗಳ ಮೇಲೂ ತೆಳ್ಳಗೆ ಕಂದು ಹರಡಿತು. ಅದನ್ನು ಕಂಡು ಅವಳು ಹಿಗ್ಗಿದ್ದೇ ಹಿಗ್ಗಿದ್ದು. ಕೆಲವು ಮರಿಗಳು ಹೋದವು. ಉಳಿದವು ಮೇವಿನ ಹಿಂದೆ ಬಿದ್ದವು.

ಒಂದು ಮಧ್ಯಾಹ್ನ ಗಾಜಿನ ಲೋಟದಲ್ಲಿ ನೀರಿನ ಜೊತೆ ಒಂದು ಮರಿಯನ್ನೆತ್ತಿ, ಬೆಳಕಿಗೆ ಹಿಡಿದು ಗಂಡನಿಗೆ ತೋರಿಸಿದಳು.

"ನೋಡಿ, ಹೊಟ್ಟೆ ತುಂಬಿದೆ. ಆದ್ರೆ ಇನ್ನೂ ತಲೆಕೆಳಗೇ ಈಜ್ತಿದೆ."

"ನಿನ್ನ ತವರಿನ ಕಡೇದಿರಬೇಕು."

"ಸುಮ್ನೆ ಕೇಳಿ. ಇದು ನೆಟ್ಟಗಾಯ್ತು ಅಂದ್ರೆ ಮೊದಲು ಏನ್ಮಾಡುತ್ತೆ ಗೊತ್ತಾ, ಎಲ್ಲಾದ್ರೂ ಆಸರೆ ಹುಡುಕಿ, ಕಾಲೂರಿ..."

ತೊಟ್ಟಿಯ ಒಳಗೋಡೆಯ ಮೇಲೆ, ನೀರಿನ ಅಂಚಿಗೆ ತುಸು ಕೆಳಗೆ, ಏನೋ ಒಂದು ಬೆನ್ನು ಮೇಲಾಗಿ ತೆವಳಿತು. ಉಜ್ಜಕ್ಕ ಲೋಟವನ್ನು ಅವನ ಕೈಗೆ ತುರುಕಿ, ಅತ್ತ ನಡೆದೇಬಿಟ್ಟಳು.