ಸಮುದ್ರದ ಮಾವ

"ಅಮ್ಮಾ, ದೊಡ್ಡಜ್ಜ ಸಮುದ್ರಕ್ಕೆ ಯಾಕೆ ಬೈತಾರೆ?"

ಮಗಳ ಬಾಯಿಗೆ ತುತ್ತಿಡುತ್ತಿದ್ದ ಸೊಸೆ ಕಿಟಕಿಯಾಚೆ ನೋಡಿದಳು. ಗಂಡನ ದೊಡ್ಡಪ್ಪ ಹೊರಮೆಟ್ಟಿಲ ಮೇಲೆ ಕುಳಿತು, ಎದುರಿನ ನೀರಿನತ್ತ ಬೆರಳು ಚಾಚಿ, "ಮಾನ ಇಲ್ಲ, ಮರ್ಯಾದೆ ಇಲ್ಲ" ಎಂದು ಉಗಿಯುತ್ತಿದ್ದ.

"ಮೀನು ಕೊಡಲಿಲ್ಲ ಅಂತ ಬೈತಾರೆ ಪುಟ್ಟಾ."

"ಸಾರಿಗೆ ಉಪ್ಪು ಜಾಸ್ತಿ ಆದ್ರೆ ನಿಂಗೂ ಹಾಗೇ ಬೈತಾರಲ್ಲ. ಸಮುದ್ರನೂ ಅವರ ಸೊಸೆನಾ?"

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮುದುಕನಿಗೆ ಇಟ್ಟಿದ್ದ ಅಡ್ಡಹೆಸರೂ ಅದೇ: ಸಮುದ್ರದ ಮಾವ. ಜೀವಮಾನವಿಡೀ ಅವನು ಮಾಡಿದ್ದು ಒಂದೇ ಕೆಲಸ, ದೋಣಿಯ ಮುಂತುದಿಯಲ್ಲಿ ನಿಂತು ನೀರು ನೋಡುವುದು. ಮೇಲ್ಮೈಯ ಕೆಳಗೆ ಬಂಗುಡೆ ಮೀನಿನ ಹಿಂಡು ಬಂದರೆ ನೀರು ಕೆಂಗಂದಾಗಿ, ಜ್ವರ ಬಂದ ಮೈಯಂತೆ ಸಣ್ಣಗೆ ನಡುಗುತ್ತದೆ. ಅದನ್ನು ಕಂಡವನು ಹೆಗಲ ಟವೆಲ್ ತೆಗೆದು ಬೀಸಬೇಕು. ಬೀಸಿದ ಕಡೆಗೆ ದೋಣಿ ತಿರುಗಬೇಕು, ಹಿಂಡಿನ ಸುತ್ತ ಬಲೆ ಇಳಿಯಬೇಕು. ಟವೆಲ್ ಬೀಸಿದ ಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ದೋಣಿ ಯಾರದಾದರೂ ಇರಲಿ, ಆ ಗಳಿಗೆಗೆ ಯಜಮಾನ ಟವೆಲ್ಲಿನವನು.

ಒಂದು ಕಾಲದಲ್ಲಿ ಅವನು ಬೀಸಿದ್ದೆಲ್ಲ ಫಲಿಸುತ್ತಿತ್ತಂತೆ. ಅಷ್ಟು ಮೀನಿದ್ದಾಗ ಕುರುಡ ಬೀಸಿದ್ದರೂ ಫಲಿಸುತ್ತಿತ್ತು ಎಂಬುದು ಸೊಸೆಯ ಲೆಕ್ಕ. ಈಗ ಮೇಲಿನ ನೀರು ಬಿಸಿಯೇರಿದೆ. ಬಂಗುಡೆ ತಂಪು ಹುಡುಕಿಕೊಂಡು ಆಳಕ್ಕೆ, ದೂರಕ್ಕೆ ಸರಿದಿದೆ. ಖಾಲಿಯಾದ ಜಾಗದಲ್ಲಿ, ತಿನ್ನಲೂ ಬಾರದ, ಮುಟ್ಟಿದರೆ ಮೈ ಉರಿಸುವ ಲೋಳೆಮೀನು ಕರೆಯದ ನೆಂಟನ ಹಾಗೆ ಬಂದು ಕಾಲು ಚಾಚಿದೆ. ಇದನ್ನು ಗಂಡ ಹೇಳಲು ಹೋದರೆ ಮುದುಕನ ಉತ್ತರ ಸಿದ್ಧವಿರುತ್ತಿತ್ತು.

"ಬಿಸಿಯಂತೆ ಬಿಸಿ! ಸಮುದ್ರ ಏನು ನಿನ್ನ ಹೆಂಡ್ತಿ ಕಾಯಿಸೋ ಸ್ನಾನದ ನೀರೇನೋ? ಮೀನು ಅಲ್ಲೇ ಇದೆ. ಪೊರೆ ಬಂದಿರೋದು ನಿಮ್ಮ ಕಣ್ಣಿಗೆ."

"ಮೀನು ತೋರಿಸೋ ಯಂತ್ರ ಒಂದು ಹಾಕಿಸೋಣ ದೊಡ್ಡಪ್ಪಾ. ಆಳದಲ್ಲಿದ್ರೂ ತೋರಿಸುತ್ತೆ."

"ಹಾಕಿಸು. ನಿನ್ನ ಬದಲು ಉಣ್ಣೋಕೂ ಒಂದು ಯಂತ್ರ ತಂದ್ಬಿಡು."

ಬರಿಗೈಯಲ್ಲಿ ಮರಳುವುದೇ ಅಭ್ಯಾಸವಾದಾಗ ಆಳುಗಳು ದೋಣಿಯ ಒಡೆಯನಾದ ಗಂಡನನ್ನು ಸುತ್ತುಗಟ್ಟಿದರು. "ಮುದುಕರನ್ನ ಇಳಿಸಿ, ಇಲ್ಲಾಂದ್ರೆ ನಾವು ಬೇರೆ ದೋಣಿ ನೋಡ್ಕೋತೀವಿ." ಗಂಡ ಹೆದರುಪುಕ್ಕಲ, ದೊಡ್ಡಪ್ಪನ ಮುಂದೆ ನಿಂತರೆ ಅವನ ನಾಲಿಗೆ ಒಣಗುತ್ತದೆ. ಕೊನೆಗೆ ಒಂದು ಮಾತಾಯಿತು. ಇನ್ನೊಂದೇ ಸಲ ಟವೆಲ್. ಮೀನು ಬಿದ್ದರೆ ಮುಂತುದಿ ಅವನದೇ, ಇಲ್ಲದಿದ್ದರೆ ದಡ.

ಆ ದಿನ ನಡೆದದ್ದನ್ನು ಗಂಡ ಬಚ್ಚಲ ಹೊಸ್ತಿಲ ಮೇಲೆ ಕುಳಿತು ಹೇಳಿದ. ಬಾಸುಂಡೆಯೆದ್ದ ಅವನ ತೋಳಿಗೆ ವಿನೆಗರ್ ಸುರಿಯುತ್ತ ಸೊಸೆ ಕೇಳಿದಳು.

ಬಿಸಿಲೇರುವ ಹೊತ್ತಿಗೆ ನೀರಿನಲ್ಲಿ ಕೆಂಗಂದು ಪಟ್ಟೆಯೊಂದು ಕಂಡಿತಂತೆ. ಮುದುಕನ ಕೈ ಹೆಗಲಿಗೆ ಹೋಯಿತು. ಆಳೊಬ್ಬ ತಡೆಯಲಾರದೆ, "ಅಜ್ಜಾ, ಮೇಲೆ ಒಂದು ಹಕ್ಕಿನೂ ಇಲ್ವಲ್ಲ" ಎಂದ. ಹಿಂಡಿರುವ ಕಡೆ ಹಕ್ಕಿ ಎರಗದೆ ಬಿಡುವುದಿಲ್ಲ. ದಡದಲ್ಲಿ ಆಡುವ ಮಕ್ಕಳಿಗೂ ಗೊತ್ತಿರುವ ಮಾತದು.

"ಹಕ್ಕಿಗೇನೋ ಗೊತ್ತು? ನಿನ್ನೆ ಮೊಟ್ಟೆ ಒಡೆದು ಬಂದದ್ದು!" ಎಂದವನೇ ಟವೆಲ್ ಬೀಸಿಬಿಟ್ಟ.

ಬಲೆ ಸುತ್ತಿದರು, ತಳದ ಹಗ್ಗ ಬಿಗಿದರು. ಭಾರ ಕಂಡು ಮುದುಕ ಹಿಗ್ಗಿ ಹೀರೇಕಾಯಿಯಾದ. "ಎಳೀರಿ! ಯಂತ್ರ ಬೇಕಂತೆ ಯಂತ್ರ!" ಎಂದು ನಿಂತಲ್ಲೇ ಕುಣಿದ. ಮೇಲೆ ಬಂದದ್ದು ಲೋಳೆಮೀನು. ಒಂದೊಂದೂ ಬಕೆಟ್ಟಿನಷ್ಟು ದಪ್ಪ, ಎಣಿಕೆಗೆ ಸಿಗದಷ್ಟು. ಆ ಭಾರಕ್ಕೆ ಬಲೆ ಉದ್ದಕ್ಕೂ ಸೀಳಿತು. ಅರ್ಧ ಬಲೆಯನ್ನು ಕತ್ತರಿಸಿ ನೀರಿಗೇ ಬಿಡಬೇಕಾಯಿತು. ಎಲ್ಲರ ಕೈಯೂ ಉರಿಯುತ್ತಿತ್ತು, ಮುದುಕನದೊಂದನ್ನು ಬಿಟ್ಟು. ಹಗ್ಗ ಮುಟ್ಟಿದ್ದರೆ ತಾನೆ ಉರಿಯುವುದು!

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇವನ ಮೀಸೆಯಿಂದ ಲೋಳೆ ತೊಟ್ಟಿಕ್ಕುತ್ತಿದ್ದರೂ, "ಮೀನಿತ್ತು, ಲೋಳೆ ಬಂದು ಓಡಿಸ್ತು" ಎಂದನಂತೆ.

ಊಟದ ಹೊತ್ತಿಗೆ ಗಂಡ ತಟ್ಟೆಯಿಂದ ತಲೆಯೆತ್ತದೆ ಹೇಳಿದ. "ದೊಡ್ಡಪ್ಪಾ, ನಾಳೆಯಿಂದ ನೀವು ಬರೋದು ಬೇಡ."

"ನಾನೇ ಬರಲ್ಲ ಅನ್ನೋನಿದ್ದೆ. ಇಂಥ ಸಮುದ್ರಕ್ಕೆ ಯಾವ ಮರ್ಯಾದಸ್ಥ ಹೋಗ್ತಾನೆ?"

ಸೊಸೆ ಉಳಿದ ಬಲೆಯನ್ನು ನಡುಮನೆಯಲ್ಲಿ ಹರಡಿಕೊಂಡು, ಮಗಳು ಮಲಗಿದಾಗಲೆಲ್ಲ ಹೊಲಿಯುತ್ತ ಕುಳಿತಳು. ಮುದುಕ ಅದನ್ನು ದಾಟಿಕೊಂಡು ಕಾಫಿಗೆ ಬರುವಾಗ, "ಗಂಟು ಸಡಿಲ" ಎಂದು ಹೇಳಿಹೋಗುತ್ತಿದ್ದ. ಹರಿಸಿದವನು ಅವನು, ಹೊಲಿಯುವವಳು ಇವಳು, ತಪ್ಪು ಹುಡುಕುವವನು ಮತ್ತೆ ಅವನೇ.

ದೋಣಿಗೆ ಯಂತ್ರ ಬಂತು. ಎಲ್ಲಿ ನೀರು ತಂಪಾಗಿದೆ, ಎಲ್ಲಿ ಮೀನು ಇರಬಹುದು ಎಂದು ಗಂಡನ ಫೋನಿಗೆ ದಿನಾ ಬೆಳಿಗ್ಗೆ ಮೀನುಗಾರಿಕೆ ಕಚೇರಿಯಿಂದ ಸಂದೇಶವೂ ಬರತೊಡಗಿತು. ಬುಟ್ಟಿ ತುಂಬದಿದ್ದರೂ ತಳವಂತೂ ಕಾಣುತ್ತಿರಲಿಲ್ಲ. ಮುದುಕ ಧಕ್ಕೆಗೆ ಹೋಗಿ, ಹೊರಡುವ ದೋಣಿಗಳಿಗೆ ಕೇಳದಿದ್ದರೂ ದಾರಿ ತೋರಿಸುತ್ತಿದ್ದ. ಅವನು ಎಡಕ್ಕೆ ಅಂದರೆ ಅವರು ಬಲಕ್ಕೆ ಹೋಗಿ ಮೀನು ತರುತ್ತಿದ್ದರು. ಬರುಬರುತ್ತ ಅದೇ ಒಂದು ತಮಾಷೆಯಾಯಿತು.

"ಮಾವಾ, ಸೊಸೆ ಇವತ್ತು ಏನಂದ್ಲು?" ಎಂದು ದೋಣಿಯವನೊಬ್ಬ ಸಮುದ್ರದತ್ತ ಕೈ ತೋರಿಸಿ ಕೇಳುತ್ತಿದ್ದ.

"ಮಾತು ಬಿಟ್ಟಿದ್ದಾಳಂತೆ ಕಣೋ, ಕೇಳಬೇಡ!" ಎಂದು ಇನ್ನೊಬ್ಬ ನಗುತ್ತಿದ್ದ.

ಒಂದು ಮಧ್ಯಾಹ್ನ ಸೊಸೆ ಪಾತ್ರೆ ತೊಳೆಯುತ್ತಿದ್ದಾಗ ಮುದುಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ದೂರು ಹೇಳುವುದಕ್ಕಲ್ಲದೆ ಅವನು ಅಲ್ಲಿಗೆ ಬಂದವನಲ್ಲ. ಸಾರಿನದೋ ಗಂಟಿನದೋ ಎಂದು ಅವಳು ಕಾದಳು.

"ಮಗಳೇ," ಎಂದ. ಅವಳು ಈ ಮನೆಗೆ ಬಂದ ಮೇಲೆ ಹಾಗೆ ಕರೆದದ್ದು ಅದೇ ಮೊದಲು. ಅವಳ ಕೈಯ ಪಾತ್ರೆ ಅಲ್ಲೇ ನಿಂತಿತು.

"ಏನು ಬೇಕಿತ್ತು ದೊಡ್ಡಮಾವ?"

"ಬೆಳಿಗ್ಗೆ ಇವನ ಫೋನಿಗೆ ಅದೇನೋ ಬರುತ್ತಲ್ಲ, ನೀರು ಬಿಸಿ, ನೀರು ತಂಪು ಅಂತ. ಅದೆಲ್ಲ ಸುಳ್ಳು, ನಂಗೊತ್ತು."

"ಸುಳ್ಳಾ?"

"ಅಪ್ಪಟ ಸುಳ್ಳು." ಅವನು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆದ. "ಆದ್ರೂ, ನಾನು ಧಕ್ಕೆಗೆ ಹೊರಡೋ ಮೊದಲು ಅದರಲ್ಲಿ ಏನಿದೆ ಅಂತ ನನ್ನ ಕಿವಿಗೊಂದು ಮಾತು ಹಾಕಿಬಿಡು. ನೀರು ನೋಡಿ ಹೇಳಿದ ಹಾಗೆ ಹೇಳೋದು ನಂಗೆ ಬಿಡು."